ಒಳಕೋಣೆಯ ಮಗಳು, ಮಸೀದಿ ಬಾಗಿಲಿನ ಮಗ

ಡಿಸೆಂಬರ್ 3 ಬಂತೆಂದರೆ ನಮ್ಮ ತಾಲೂಕು ಕೇಂದ್ರಗಳಲ್ಲಿ ಶಾಮಿಯಾನ ಏಳುತ್ತದೆ. ವಿಶ್ವಸಂಸ್ಥೆಯು 1992ರಲ್ಲಿ ಆ ದಿನವನ್ನು ಅಂಗವಿಕಲರ ಅಂತಾರಾಷ್ಟ್ರೀಯ ದಿನವೆಂದು ಘೋಷಿಸಿತು. ತ್ರಿಚಕ್ರ ವಾಹನಗಳನ್ನು ಸಾಲಾಗಿ ನಿಲ್ಲಿಸಲಾಗುತ್ತದೆ. ಫಲಾನುಭವಿಗಳನ್ನು ಬೆಳಗ್ಗೆಯೇ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಲಾಗುತ್ತದೆ. ಗಣ್ಯರು ಬರುವಾಗ ಮಧ್ಯಾಹ್ನ ಕಳೆದಿರುತ್ತದೆ. ವೇದಿಕೆಗೆ ಮೆಟ್ಟಿಲುಗಳೇ ಇರುವುದರಿಂದ, ನಡೆಯಲಾಗದವನನ್ನು ಇಬ್ಬರು ಹೊತ್ತು ಮೇಲಕ್ಕೇರಿಸುತ್ತಾರೆ. ಹಾರ, ಭಾಷಣ, ಛಾಯಾಚಿತ್ರ. ಮರುದಿನದ ಪತ್ರಿಕೆಯಲ್ಲಿ ಆತನ ಕಾಲುಗಳು ಕಾಣಿಸುತ್ತವೆ, ಹೆಸರು ಇರುವುದಿಲ್ಲ.

ಅದೇ ಊರಿನ ಇನ್ನೊಂದು ಗಲ್ಲಿಯಲ್ಲಿ ಹಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದಾರೆ. ಕಿವಿ ಕೇಳಿಸದ ಕಿರಿಯ ಮಗಳನ್ನು ಬೆಳಗ್ಗೆಯೇ ಖಾಲಾ ಮನೆಗೆ ಕಳುಹಿಸಲಾಗಿದೆ. ಹಾಗೆ ಕಳುಹಿಸಲು ಸಾಧ್ಯವಾಗದ ಮನೆಗಳಲ್ಲಿ ಒಳಕೋಣೆಯ ಬಾಗಿಲು ಮುಚ್ಚಿರುತ್ತದೆ. ಮಕ್ಕಳೆಷ್ಟು ಎಂಬ ಅತಿಥಿಗಳ ಪ್ರಶ್ನೆಗೆ ಸಂಖ್ಯೆಯಲ್ಲಿ ಒಂದು ಕಡಿಮೆಯಾದ ಉತ್ತರ ಸಿಗುತ್ತದೆ. ಬಸವಕಲ್ಯಾಣ ಮತ್ತು ಹುಮನಾಬಾದಿನ ಓದುಗರಿಗೆ ಇಂಥ ಮನೆಗಳ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ನಮ್ಮ ಬಂಧು ಬಳಗದಲ್ಲಿಯೇ ಅವು ಇವೆ.

ಈ ಎರಡು ದೃಶ್ಯಗಳು ಪರಸ್ಪರ ವಿರುದ್ಧವೆಂಬಂತೆ ಕಾಣುತ್ತವೆ. ಒಂದರಲ್ಲಿ ಅಂಗವಿಕಲ ವ್ಯಕ್ತಿಯನ್ನು ಹತ್ತು ಜನರೆದುರು ಎತ್ತಿ ತೋರಿಸಲಾಗುತ್ತದೆ, ಇನ್ನೊಂದರಲ್ಲಿ ಹತ್ತು ಜನರ ಕಣ್ಣಿಗೆ ಬೀಳದಂತೆ ಮರೆಮಾಡಲಾಗುತ್ತದೆ. ಆದರೆ ಎರಡು ಕಡೆಯಲ್ಲೂ ಆ ವ್ಯಕ್ತಿಯನ್ನು ಒಂದು ಮಾತು ಕೇಳಿದವರಿಲ್ಲ. ತನ್ನ ದೇಹದ ವಿಚಾರವನ್ನು ಯಾರಿಗೆ, ಯಾವಾಗ, ಎಷ್ಟು ತಿಳಿಸಬೇಕು ಎಂಬ ತೀರ್ಮಾನ ಒಮ್ಮೆ ತಂದೆಯದು, ಒಮ್ಮೆ ಅಧಿಕಾರಿಯದು, ಮತ್ತೊಮ್ಮೆ ದಾನಿಯದು. ಎಂದೂ ಅವರದಲ್ಲ. ಅಂಗವೈಕಲ್ಯದ ಬಗ್ಗೆ ಕರುಣೆಯ ಲೇಖನಗಳು ಸಾಕಷ್ಟು ಬಂದಿವೆ. ನಾವಿಲ್ಲಿ ಎತ್ತುತ್ತಿರುವುದು ಈ ಅಧಿಕಾರದ ಪ್ರಶ್ನೆಯನ್ನು.

ಮೊದಲು ಮರೆಮಾಚುವುದರ ಬಗ್ಗೆ. ಹೆತ್ತವರು ಕ್ರೂರಿಗಳಾಗಿರುವುದರಿಂದ ಹೀಗೆ ಮಾಡುತ್ತಾರೆಂದು ನಾವು ಹೇಳುವುದಿಲ್ಲ. ಅವರದು ಭಯ. ಒಬ್ಬಳ ಕಿವುಡುತನದ ಸುದ್ದಿ ಹೊರಬಿದ್ದರೆ ಉಳಿದ ಮೂವರ ರಿಷ್ತಾ ನಿಂತುಹೋಗುತ್ತದೆ ಎಂಬ ಭಯಕ್ಕೆ ಆಧಾರವೂ ಇದೆ. ಹಾಗೆ ನಿಂತುಹೋದ ಉದಾಹರಣೆಗಳು ಪ್ರತಿ ಮಹಲ್ಲಾದಲ್ಲೂ ಸಿಗುತ್ತವೆ. ಖಾಂದಾನಿನಲ್ಲಿ ದೋಷವಿದೆ ಎಂಬ ಒಂದು ಪಿಸುಮಾತು ಸಾಕು. ಆದ್ದರಿಂದ ದೋಷ ಕೇವಲ ಬಚ್ಚಿಡುವ ಮನೆಯದಲ್ಲ, ಕೆದಕಿ ನೋಡುವ ಮನೆಯದು ಕೂಡ. ಹೆಣ್ಣು ನೋಡಲು ಹೋಗಿ ಅವಳ ತಮ್ಮನ ನಡಿಗೆಯನ್ನು ಅಳೆದು ಬರುವವರು ತಮ್ಮನ್ನು ದೀನ್‌ದಾರರೆಂದು ಕರೆದುಕೊಳ್ಳಲು ಸಂಕೋಚಪಡುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸುವುದು ಅಗತ್ಯ. ವಧು ಅಥವಾ ವರನ ಗಂಭೀರ ಕಾಯಿಲೆಯೊಂದನ್ನು ಅಡಗಿಸಿಟ್ಟು ನಿಕಾಹ್ ಮಾಡಿಸುವುದು ವಂಚನೆ. ಧರ್ಮಶಾಸ್ತ್ರಜ್ಞರು ಅದನ್ನು ವಂಚನೆಯೆಂದೇ ಚರ್ಚಿಸಿದ್ದಾರೆ. ಅನಂತರ ತಲಾಕ್, ಖುಲಾ, ಪಂಚಾಯಿತಿಗಳಲ್ಲಿ ಕೊನೆಗೊಳ್ಳುವ ಎಷ್ಟೋ ಜಗಳಗಳ ಮೂಲ ಅಲ್ಲಿದೆ. ಆದರೆ ತಂಗಿಯ ಕಿವುಡುತನ ಅಕ್ಕನ ‘ಐಬ್’ ಅಲ್ಲ. ಯಾವ ಗ್ರಂಥದ ಯಾವ ಅಧ್ಯಾಯವೂ ಅದನ್ನು ಹಾಗೆ ಪರಿಗಣಿಸಿಲ್ಲ. ಆ ನಂಬಿಕೆಯನ್ನು ನಾವು ಊರ ಸುದ್ದಿಯಿಂದ ಕಲಿತು ಶರೀಅತ್ತಿನ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ. ವೈದ್ಯಶಾಸ್ತ್ರದ ಮಾತನ್ನು ಹೇಳುವುದಾದರೆ, ಕಿವುಡುತನಕ್ಕೆ ಅವಧಿಗೆ ಮುನ್ನ ಹುಟ್ಟುವುದು, ಹುಟ್ಟಿದೊಡನೆ ಬರುವ ತೀವ್ರ ಕಾಮಾಲೆ, ಮೆದುಳಿನ ಸೋಂಕು ಮುಂತಾದ ಕಾರಣಗಳಿವೆ. ಕೆಲವು ಬಗೆ ಅನುವಂಶಿಕವೂ ಹೌದು, ಸೋದರ ಸಂಬಂಧದ ಮದುವೆಗಳಲ್ಲಿ ಅದರ ಸಾಧ್ಯತೆ ಹೆಚ್ಚು. ಯಾವುದು ಯಾವುದೆಂದು ವೈದ್ಯರು ಹೇಳಬಲ್ಲರು. ಆದರೆ ಮಗುವನ್ನು ಬಚ್ಚಿಟ್ಟ ಮನೆ ವೈದ್ಯರನ್ನು ಕೇಳುವುದಿಲ್ಲ. ಹೀಗೆ, ಅರ್ಥವಿಲ್ಲದ ಕಡೆ ಸಂಶಯ ಹರಡುತ್ತದೆ. ಎಚ್ಚರಿಕೆ ಬೇಕಾದ ಕಡೆ ಅದೇ ಖಾಂದಾನಿನಲ್ಲಿ ಮತ್ತೊಂದು ಸೋದರ ಸಂಬಂಧ ನಿಶ್ಚಯವಾಗುತ್ತದೆ.

ಇದರ ಬೆಲೆಯನ್ನು ತೆರುವುದು ಆ ಮಗು. ಕಿವಿ ಕೇಳದ ಮಗುವಿಗೆ ಮೊದಲ ಕೆಲವು ವರ್ಷಗಳೇ ಭಾಷೆಯ ವರ್ಷಗಳು. ಶ್ರವಣ ಸಾಧನವಿರಲಿ, ಕಾಕ್ಲಿಯರ್ ಶಸ್ತ್ರಚಿಕಿತ್ಸೆಯಿರಲಿ, ಸಂಜ್ಞಾ ಭಾಷೆಯೇ ಇರಲಿ, ಬೇಗ ಸಿಕ್ಕಷ್ಟೂ ಫಲ ಹೆಚ್ಚು. ಮಕ್ಕಳ ಆರೋಗ್ಯ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಅಂಗನವಾಡಿಗೇ ಹೋಗದ ಮಗು ಆ ತಂಡಕ್ಕೆ ಸಿಗುವುದು ಹೇಗೆ? ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮಗೆ ರಾಜ್ಯದ ಆ ತುದಿ, ಒಪ್ಪಿಕೊಳ್ಳೋಣ. ಆದರೆ ಬಸವಕಲ್ಯಾಣದ ಬಂಗ್ಲಾ ಕ್ರಾಸಿನಿಂದ ಹುಮನಾಬಾದಿನ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 65 ನೇರವಾಗಿ ಹೈದರಾಬಾದಿಗೆ ಹೋಗುತ್ತದೆ. ಸಿಕಂದರಾಬಾದಿನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ, ಬುದ್ಧಿಮಾಂದ್ಯ ಮಕ್ಕಳಿಗಾಗಿ 1984ರಲ್ಲಿ ಸ್ಥಾಪಿತವಾದ ಮನೋವಿಕಾಸ ನಗರದ ರಾಷ್ಟ್ರೀಯ ಸಂಸ್ಥೆಯಿದೆ. ಮದುವೆಯ ಬಟ್ಟೆಗೂ ಒಡವೆಗೂ ಹೈದರಾಬಾದಿಗೆ ಹೋಗಿಬರುವ ಕುಟುಂಬಗಳಿಗೆ ಈ ವಿಳಾಸಗಳು ದೂರದವಲ್ಲ. ಹುಮನಾಬಾದಿನ ಮಗ್ಗುಲಲ್ಲಿರುವ ಮಾಣಿಕನಗರದಲ್ಲಿ ಅಂಧ ಮಕ್ಕಳ ಶಾಲೆಯೇ ಇದೆ. ಅಲ್ಲಿಗೆ ಮಗನನ್ನು ಸೇರಿಸಲು ಹಿಂಜರಿಯುವ ತಂದೆಗೆ ಅಡ್ಡ ಬರುವುದು ಖರ್ಚಿಗಿಂತ ಹೆಚ್ಚಾಗಿ, ಸೇರಿಸಿದರೆ ಊರಿಗೆ ತಿಳಿಯುತ್ತದೆ ಎಂಬ ಸಂಗತಿ.

ಬಚ್ಚಿಡುವುದು ಬಡವರ, ಅನಕ್ಷರಸ್ಥರ ಗುಣವೆಂದು ಯಾರಾದರೂ ಭಾವಿಸಿದರೆ ಅದು ತಪ್ಪು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು 1921ರಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡರು. 1933ರಿಂದ 1945ರ ತನಕ ಅಧಿಕಾರದಲ್ಲಿದ್ದಾಗ ಅವರ ಗಾಲಿಕುರ್ಚಿ ಛಾಯಾಚಿತ್ರಗಳಲ್ಲಿ ಕಾಣದಂತೆ ನೋಡಿಕೊಳ್ಳಲಾಯಿತು. ವಾಷಿಂಗ್ಟನ್ನಿನಲ್ಲಿ 1997ರಲ್ಲಿ ಅವರ ಸ್ಮಾರಕ ತೆರೆದಾಗಲೂ ಅದು ಎದ್ದು ಕಾಣುವಂತಿರಲಿಲ್ಲ. ಅಂಗವಿಕಲರ ಸಂಘಟನೆಗಳು ಹೋರಾಡಿದ ಮೇಲೆ 2001ರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಪ್ರತಿಮೆಯನ್ನು ಸೇರಿಸಬೇಕಾಯಿತು. ಜಗತ್ತಿನ ಅತಿ ಬಲಿಷ್ಠ ಹುದ್ದೆಯಲ್ಲಿದ್ದವರಿಗೂ ಮರೆಮಾಚುವ ಒತ್ತಡ ತಪ್ಪಲಿಲ್ಲ.

ಈ ಸಂದರ್ಭದಲ್ಲಿ ಸಹೀಹ್ ಬುಖಾರಿಯಲ್ಲಿ ವರದಿಯಾಗಿರುವ ಒಂದು ಘಟನೆ ನಮಗೆ ನೆನಪಾಗುತ್ತದೆ. ಮೂರ್ಛೆರೋಗವಿದ್ದ ಕಪ್ಪು ವರ್ಣದ ಮಹಿಳೆಯೊಬ್ಬರು ಪ್ರವಾದಿ(ಸ)ಯವರ ಬಳಿ ಬಂದು, ತಾನು ಬಿದ್ದಾಗ ಮೈಮೇಲಿನ ಬಟ್ಟೆ ಸರಿಯುತ್ತದೆ ಎಂದು ಹೇಳಿಕೊಂಡರು. ಸಹನೆಯನ್ನು ಆರಿಸಿಕೊಂಡರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುತ್ತೇನೆ ಎಂದು ಪ್ರವಾದಿ(ಸ) ಆಯ್ಕೆಯನ್ನು ಅವರಿಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ಮೈ ಕಾಣದಿರಲೆಂದು ಪ್ರಾರ್ಥಿಸಿ ಎಂದರು. ಪ್ರವಾದಿ(ಸ) ಹಾಗೆಯೇ ಪ್ರಾರ್ಥಿಸಿದರು. ಪ್ರವಚನಗಳಲ್ಲಿ ಈ ಘಟನೆಯನ್ನು ಸಹನೆಯ ಉಪದೇಶಕ್ಕಾಗಿ ಮಾತ್ರ ಬಳಸಲಾಗುತ್ತದೆ. ನಮಗೆ ಅದರಲ್ಲಿ ಬೇರೆಯದೂ ಕಾಣುತ್ತದೆ. ಆಕೆ ಕಾಯಿಲೆಯನ್ನು ಮುಚ್ಚಿಡಲಿಲ್ಲ, ತಾವೇ ಬಂದು ಹೇಳಿದರು. ಹಾಗೆಂದು ಕಂಡವರ ಮುಂದೆ ಪ್ರದರ್ಶನವಾಗುವುದನ್ನೂ ಒಪ್ಪಲಿಲ್ಲ. ಎಲ್ಲಿ ಹೇಳಬೇಕು, ಎಲ್ಲಿ ಕಾಣಬಾರದು ಎಂಬ ಗೆರೆಯನ್ನು ಎಳೆದವರು ಅವರೇ. ಆ ಮಹಿಳೆಯನ್ನು ಇಬ್ನು ಅಬ್ಬಾಸ್(ರ) ತೋರಿಸಿಕೊಟ್ಟದ್ದು ಅತಾ ಬಿನ್ ಅಬೀ ರಬಾಹ್ ಎಂಬವರಿಗೆ. ಕುಂಟುತ್ತಿದ್ದ, ಒಂದು ಕಣ್ಣಿಲ್ಲದ, ಒಂದು ಕೈ ಸ್ವಾಧೀನವಿಲ್ಲದ ಆ ಅತಾ ಮಕ್ಕಾದ ಮುಫ್ತಿಯಾಗಿದ್ದರು ಎಂದು ಚರಿತ್ರಕಾರರು ಬರೆಯುತ್ತಾರೆ. ಹಜ್ಜಿಗೆ ಬಂದವರು ಅವರ ಸುತ್ತ ನೆರೆದದ್ದು ಅವರ ವಿದ್ಯೆಗಾಗಿ.

ಮರೆಮಾಚುವ ಅಭ್ಯಾಸವು ದೇಶದ ಲೆಕ್ಕವನ್ನೂ ಕೆಡಿಸುತ್ತದೆ. ಬ್ರಿಟಿಷರ ಕಾಲದ ಜನಗಣತಿಯಲ್ಲಿ 1931ರ ವರೆಗೆ ಅಂಗವೈಕಲ್ಯದ ಪ್ರಶ್ನೆಯಿತ್ತು. ಜನರು ಕೊಡುವ ಉತ್ತರ ನಂಬಲರ್ಹವಲ್ಲವೆಂಬ ಕಾರಣವೂ ಸೇರಿ ಅದನ್ನು ಕೈಬಿಡಲಾಯಿತು. 1981ರಲ್ಲಿ ಬಂದು, 1991ರಲ್ಲಿ ಮತ್ತೆ ಮಾಯವಾಯಿತು. 2001ರ ಗಣತಿಯಲ್ಲಿ ಅದನ್ನು ಸೇರಿಸಲು ಜಾವೇದ್ ಆಬಿದಿಯವರೂ ಅವರ ಸಂಗಡಿಗರೂ ಬೀದಿಗಿಳಿಯಬೇಕಾಯಿತು. 2011ರ ಗಣತಿಯಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ. 2.21. ಕರ್ನಾಟಕದಲ್ಲಿ 13.24 ಲಕ್ಷ. ದೇಶದ ಲೆಕ್ಕದಲ್ಲಿ ಪುರುಷರು ಸುಮಾರು 1.50 ಕೋಟಿ, ಮಹಿಳೆಯರು 1.18 ಕೋಟಿ. ಕೆಲಸದ ಸ್ಥಳದ ಅಪಘಾತಗಳು, ರಸ್ತೆ ಅಪಘಾತಗಳು ಪುರುಷರಿಗೆ ಹೆಚ್ಚು ಎಂಬುದು ಈ ಅಂತರದ ಒಂದು ಭಾಗವನ್ನು ವಿವರಿಸಬಹುದು. 32 ಲಕ್ಷವನ್ನೂ ಅದು ವಿವರಿಸುತ್ತದೆಂದು ನಾವು ನಂಬುವುದಿಲ್ಲ. ಬಾಗಿಲಲ್ಲಿ ನಿಂತ ಗಣತಿದಾರನಿಗೆ ಒಳಕೋಣೆ ಕಾಣುವುದಿಲ್ಲ.

ಇನ್ನು ತೋರಿಸುವುದರ ವಿಚಾರ. ಮಗಳನ್ನು ಬಚ್ಚಿಡುವ ಸಮಾಜವೇ ಮಗನನ್ನು ಜುಮಾ ದಿನ ಮಸೀದಿ ಬಾಗಿಲಿಗೆ, ಉರೂಸಿಗೆ, ಜಾತ್ರೆಗೆ ಕಳುಹಿಸುತ್ತದೆ. ಅಲ್ಲಿ ಕಾಲನ್ನು ಮುಚ್ಚಿಕೊಂಡು ಕುಳಿತರೆ ಬಟ್ಟಲಿಗೆ ನಾಣ್ಯ ಬೀಳದು. ಚಳಿಯಲ್ಲೂ ಪ್ಯಾಂಟಿನ ಅಂಚನ್ನು ಮೊಣಕಾಲಿನ ಮೇಲಕ್ಕೆ ಮಡಚಿಯೇ ಕೂರಬೇಕು. ವಿಚಿತ್ರವೆಂದರೆ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ, ಭಿಕ್ಷೆಗಾಗಿ ಗಾಯವನ್ನಾಗಲಿ ಅಂಗದ ವಿಕಾರವನ್ನಾಗಲಿ ತೋರಿಸುವುದೂ ಭಿಕ್ಷಾಟನೆಯೇ, ಅಪರಾಧವೇ. ಆಸ್ತಿ ತೆರಿಗೆಯ ಜೊತೆ ಶೇ. 3ರಷ್ಟು ಭಿಕ್ಷುಕರ ಕರವನ್ನು ಪುರಸಭೆ ನಮ್ಮೆಲ್ಲರಿಂದ ವಸೂಲು ಮಾಡುತ್ತದೆ. ಬೀದಿಯಲ್ಲಿ ತೋರಿಸಿದರೆ ಅಪರಾಧವಾದದ್ದು ಸರಕಾರಿ ಕೊಠಡಿಯಲ್ಲಿ ಕಡ್ಡಾಯವಾಗುತ್ತದೆ. ಪಿಂಚಣಿ ಬೇಕಾದರೆ ವೈದ್ಯಕೀಯ ಮಂಡಳಿಯ ಮುಂದೆ ನಿಂತು ಶೇಕಡಾವಾರು ಅಳೆಸಿಕೊಳ್ಳಬೇಕು. ಶೇ. 40ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಶೇ. 40ರಿಂದ 75ರ ನಡುವಿನವರ ಮಾಸಿಕ ಪಿಂಚಣಿಯನ್ನು ಜುಲೈ 2021ರಲ್ಲಿ 600 ರೂಪಾಯಿಯಿಂದ 800ಕ್ಕೆ ಏರಿಸಿದ್ದನ್ನು ಆಗಿನ ಮುಖ್ಯಮಂತ್ರಿಗಳ ಮೊದಲ ಕೊಡುಗೆಯೆಂದು ಬಣ್ಣಿಸಲಾಯಿತು. ಬಸವಕಲ್ಯಾಣದಿಂದ ಬೀದರಿಗೆ ಜೊತೆಗಾರನೊಬ್ಬನನ್ನು ಕರೆದುಕೊಂಡು ಎರಡು ಮೂರು ಸಲ ಓಡಾಡಿದವರಿಗೆ ಅದರ ಲೆಕ್ಕ ಗೊತ್ತು.

ಅರ್ಹತೆಯ ಪರಿಶೀಲನೆ ಬೇಡವೆಂದು ನಾವು ವಾದಿಸುತ್ತಿಲ್ಲ. ನಕಲಿ ಪ್ರಮಾಣ ಪತ್ರಗಳು ಇವೆ. 2024ರಲ್ಲಿ ಮಹಾರಾಷ್ಟ್ರದ ಪ್ರೊಬೇಷನರಿ ಐಎಎಸ್ ಅಧಿಕಾರಿ ಪೂಜಾ ಖೇಡ್ಕರ್ ಪ್ರಕರಣದಲ್ಲಿ ಈ ಆರೋಪ ದೇಶವ್ಯಾಪಿ ಸುದ್ದಿಯಾಗಿ, ಲೋಕಸೇವಾ ಆಯೋಗವು ಅವರ ಅಭ್ಯರ್ಥಿತನವನ್ನೇ ರದ್ದುಗೊಳಿಸಿತು. ಆದರೆ ಅದರ ಹೊಡೆತ ಬಿದ್ದದ್ದು ಯಾರ ಮೇಲೆ? ಅದೇ ಜುಲೈನಲ್ಲಿ ನೆರೆಯ ತೆಲಂಗಾಣದ ಹಿರಿಯ ಅಧಿಕಾರಿಯೊಬ್ಬರು ಐಎಎಸ್‌ನಂಥ ಸೇವೆಗೆ ಅಂಗವಿಕಲರ ಮೀಸಲಾತಿ ಏಕೆ ಬೇಕೆಂದು ಬಹಿರಂಗವಾಗಿ ಕೇಳಿದರು. ಅಂದಿನಿಂದ ಹೊರಗೆ ಕಾಣದ ಅಂಗವೈಕಲ್ಯವಿರುವವರ ಪಾಡು ಮತ್ತಷ್ಟು ಕಷ್ಟವಾಯಿತು. ಅರೆಗಿವುಡು, ಮಂದದೃಷ್ಟಿ, ಮಾನಸಿಕ ಕಾಯಿಲೆ, ನಮ್ಮ ಭಾಗದಲ್ಲೂ ಕಂಡುಬರುವ ಕುಡಗೋಲು ಕಣ ರಕ್ತಹೀನತೆ, ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿದ 21 ಬಗೆಗಳಲ್ಲಿವೆ. ಕಾಯ್ದೆ ಒಪ್ಪಿದರೂ ಬಸ್ಸಿನ ಸಹಪ್ರಯಾಣಿಕ ಒಪ್ಪುವುದಿಲ್ಲ. ನೋಡಲು ಚೆನ್ನಾಗಿಯೇ ಇದ್ದೀರಲ್ಲ ಎನ್ನುತ್ತಾನೆ. ಆಗ ತನ್ನ ಸೀಟಿನ ಹಕ್ಕಿಗಾಗಿ ಕುಂಟಿ ತೋರಿಸಬೇಕಾಗುತ್ತದೆ. 2024ರ ಅಕ್ಟೋಬರಿನಲ್ಲಿ ನಿಯಮಗಳಿಗೆ ತಂದ ತಿದ್ದುಪಡಿಯು ಗುರುತಿನ ಚೀಟಿಗೂ ಶೇಕಡಾವಾರು ಪ್ರಕಾರ ಬಿಳಿ, ಹಳದಿ, ನೀಲಿ ಬಣ್ಣಗಳನ್ನು ಗೊತ್ತುಮಾಡಿದೆ. ಓದಲು ಬಾರದವನೂ ದೂರದಿಂದಲೇ ಅಳೆಯುವಂತಾಗಿದೆ.

ಹೆಸರುಗಳ ಕಥೆಯೂ ಇದಕ್ಕಿಂತ ಭಿನ್ನವಲ್ಲ. ನಮ್ಮ ಗಲ್ಲಿಗಳಲ್ಲಿ ವ್ಯಕ್ತಿಯ ಹೆಸರಿನ ಮುಂದೆ ಲಂಗಡಾ, ಅಂಧಾ, ಗೂಂಗಾ ಎಂದು ಸೇರಿಸುವುದು ವಾಡಿಕೆ, ಅದರಲ್ಲಿ ತಪ್ಪೇನಿದೆ ಎಂದು ಹಿರಿಯರೇ ಕೇಳುತ್ತಾರೆ. ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸಿದರೆ 2016ರ ಕಾಯ್ದೆಯ 92ನೇ ಕಲಮಿನನ್ವಯ ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆಯಿದೆ ಎಂಬುದು ಅವರಿಗೆ ತಿಳಿದಿರಲಿ. ಸರಕಾರ ಅಂಗವಿಕಲ ಎಂಬುದನ್ನು ವಿಕಲಚೇತನ ಎಂದು ಬದಲಿಸಿತು. ಅಂಗವಷ್ಟೇ ವಿಕಲವಾಗಿದ್ದವನ ಚೇತನವನ್ನೂ ವಿಕಲ ಮಾಡಿದ ಈ ಸುಧಾರಣೆಯ ಅರ್ಥ ನಮಗಿನ್ನೂ ಆಗಿಲ್ಲ. 2015ರ ಡಿಸೆಂಬರಿನಲ್ಲಿ ಪ್ರಧಾನಿಗಳು ದಿವ್ಯಾಂಗ ಎಂಬ ಪದವನ್ನು ಸೂಚಿಸಿದಾಗ ಅಂಗವಿಕಲರ ಹಲವು ಸಂಘಟನೆಗಳು ವಿರೋಧಿಸಿದವು. ನಡೆಯಲು ದಾರಿ ಕೇಳಿದವರಿಗೆ ದೈವತ್ವ ಸಿಕ್ಕಿತು. ಉರ್ದುವಿನ ಮಾಜೂರ್ ಶಬ್ದ ಮೂಲದಲ್ಲಿ ಉಜ್ರ್ ಉಳ್ಳವನು, ವಿನಾಯಿತಿಗೆ ಅರ್ಹನಾದವನು ಎಂದರ್ಥ ಕೊಡುತ್ತದೆ. ಒಂದು ನಿರ್ದಿಷ್ಟ ಕ್ರಿಯೆಯಲ್ಲಿ ಮಾತ್ರ ವಿನಾಯಿತಿ: ನಿಂತು ನಮಾಝ್ ಮಾಡಲಾಗದವನು ಕುಳಿತು ಮಾಡಬಹುದು. ಬಾಳಿನಿಂದಲೇ ವಿನಾಯಿತಿ ಕೊಟ್ಟು ಮೂಲೆಯಲ್ಲಿ ಕೂರಿಸಲು ಆ ಶಬ್ದ ಹುಟ್ಟಿದ್ದಲ್ಲ.

ಝಕಾತಿನ ವಿಚಾರವನ್ನು ನಾವು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ಬೇಡದೆ ಇರುವವರನ್ನು, ಸ್ವಾಭಿಮಾನದಿಂದಾಗಿ ಸ್ಥಿತಿವಂತರಂತೆ ತೋರುವ ಬಡವರನ್ನು ಗುರುತಿಸಿ ಕೊಡಬೇಕೆಂಬುದು ಕುರ್‌ಆನಿನ ಎರಡನೇ ಅಧ್ಯಾಯದ ಆಶಯ. ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಹೆಚ್ಚು ತೋರಿಸಿದವನಿಗೆ ಹೆಚ್ಚು. ಇತ್ತೀಚೆಗಂತೂ ರಮಝಾನ್ ಹತ್ತಿರವಾದಂತೆ ಮೊಬೈಲುಗಳಲ್ಲಿ ಅಂಗವಿಕಲ ಮಕ್ಕಳ ಮುಖ, ಕೈಕಾಲು, ಹಾಸಿಗೆಯ ಚಿತ್ರಗಳು ಬ್ಯಾಂಕ್ ಖಾತೆಯ ಸಂಖ್ಯೆಯೊಂದಿಗೆ ಓಡಾಡುತ್ತವೆ. ಆ ಮಗು ಬೆಳೆದು ಹದಿನೆಂಟಾದಾಗ ತನ್ನ ಆ ಚಿತ್ರವನ್ನು ಕಂಡರೆ ಏನೆಂದುಕೊಳ್ಳಬಹುದು ಎಂದು ಕಳುಹಿಸಿದವರು ಯೋಚಿಸಿದ್ದಾರೆಯೇ? ಉದ್ದೇಶ ಒಳ್ಳೆಯದಿರಬಹುದು. ಸಹಾಯ ಸಂಘಗಳ ಸಜ್ಜನರನ್ನು ನಾವು ಅನುಮಾನಿಸುವುದಿಲ್ಲ. ಆದರೆ ಚಿತ್ರವಿಲ್ಲದೆ ಹಣ ಕೊಡೆವು ಎನ್ನುವ ನಾವೇ ಅವರನ್ನು ಈ ದಾರಿಗೆ ತಳ್ಳಿದ್ದೇವೆ.

ಎಲ್ಲರಿಗೂ ಸಿಗುವ ಸೌಲಭ್ಯಕ್ಕೆ ಯಾರೂ ಏನನ್ನೂ ತೋರಿಸಬೇಕಾಗಿಲ್ಲ ಎಂಬುದನ್ನು ಗಮನಿಸಬೇಕು. ಅಂಗವಿಕಲರ ರಿಯಾಯಿತಿ ಪಾಸು 100 ಕಿ.ಮೀ. ವ್ಯಾಪ್ತಿಗೆ ಮಾತ್ರ, ಕಂಡಕ್ಟರನೆದುರು ತೆಗೆದು ತೋರಿಸಬೇಕು. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಮನಾಬಾದಿನ ಕಿವುಡ ಯುವತಿಯೊಬ್ಬಳು ಉಳಿದ ಹೆಂಗಸರಂತೆಯೇ ಆಧಾರ್ ತೋರಿಸಿ ಕಲಬುರಗಿಗೆ ಹೋಗಿಬರಬಲ್ಲಳು. ಅವಳು ಕಿವುಡಿಯೆಂದು ಕಂಡಕ್ಟರನಿಗೆ ತಿಳಿಯುವ ಅಗತ್ಯವೇ ಇಲ್ಲ. ಇಳಿಜಾರು ಹಾದಿಯೂ ಹಾಗೆಯೇ. ಅದು ಇದ್ದ ಕಟ್ಟಡಕ್ಕೆ ಗಾಲಿಕುರ್ಚಿಯವನು ಮೊಣಕಾಲು ನೋವಿನ ಮುದುಕರ ಜೊತೆ ಸದ್ದಿಲ್ಲದೆ ಪ್ರವೇಶಿಸುತ್ತಾನೆ. ಅದಿಲ್ಲದ ಕಡೆ ನಾಲ್ವರು ಎತ್ತಬೇಕು, ನಲವತ್ತು ಮಂದಿ ನೋಡಬೇಕು. ಸಾರ್ವಜನಿಕ ಕಟ್ಟಡಗಳ ಸುಗಮ್ಯತೆಯ ನಿಯಮಗಳು ಕೇವಲ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ತೀರ್ಪು ನೀಡಿದೆ. ಅಂಧರೆಂಬ ಏಕೈಕ ಕಾರಣಕ್ಕೆ ನ್ಯಾಯಾಧೀಶ ಹುದ್ದೆಯಿಂದ ಹೊರಗಿಡಕೂಡದೆಂದು 2025ರ ಮಾರ್ಚಿನಲ್ಲಿ ಹೇಳಿದೆ.

ಅಂಧ ಸಹಾಬಿ ಅಬ್ದುಲ್ಲಾ ಬಿನ್ ಉಮ್ಮಿ ಮಕ್ತೂಮ್(ರ)ರ ಚರಿತ್ರೆಯನ್ನು ನಮ್ಮ ಖತೀಬರು ಸೊಗಸಾಗಿ ವಿವರಿಸುತ್ತಾರೆ. ಅವರು ಮದೀನಾದ ಮುಅದ್ದಿನ್ ಆಗಿದ್ದರು, ಪ್ರವಾದಿ(ಸ)ಯವರ ಗೈರುಹಾಜರಿಯಲ್ಲಿ ಊರಿನ ಹೊಣೆ ಹೊತ್ತಿದ್ದರು. ಆ ಖುತ್ಬಾ ನಡೆಯುವ ಮಸೀದಿಗಳಿಗೆ ಎಷ್ಟು ಮೆಟ್ಟಿಲುಗಳಿವೆ, ವುಝೂ ಮಾಡುವ ಜಾಗ ಎಷ್ಟು ಜಾರುತ್ತದೆ ಎಂದು ಎಣಿಸಿ ನೋಡಿದವರು ಕಡಿಮೆ. ಕೇರಳದ ಮಲಪ್ಪುರಂ ಜಿಲ್ಲೆಯ ಪುಲಿಕ್ಕಲ್‌ನಲ್ಲಿ ಅಂಗವಿಕಲರನ್ನು ಗಮನದಲ್ಲಿಟ್ಟು ಕಟ್ಟಿದ ಮಸೀದಿಯಿದೆ. ಅಲ್ಲಿ ಖುತ್ಬಾ ಕಿವುಡರಿಗೂ ತಲುಪುತ್ತದೆ.

ಜಾವೇದ್ ಆಬಿದಿಯವರ ಹೆಸರನ್ನು ಮೇಲೆ ಪ್ರಸ್ತಾಪಿಸಿದೆವು. 1965ರಲ್ಲಿ ಅಲಿಗಢದಲ್ಲಿ ಹುಟ್ಟಿದ ಅವರು ಗಾಲಿಕುರ್ಚಿಯ ಮೇಲಿದ್ದುಕೊಂಡೇ 1995ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಪ್ರದರ್ಶನಕ್ಕೆ ನೇತೃತ್ವ ನೀಡಿದರು, ಅದೇ ತಿಂಗಳು ದೇಶದ ಮೊದಲ ಅಂಗವಿಕಲರ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. 2018ರಲ್ಲಿ ತೀರಿಕೊಳ್ಳುವ ವರೆಗೂ ಅವರು ಕೇಳಿದ್ದು ಹಕ್ಕು. ಅವರ ಗಾಲಿಕುರ್ಚಿಯೂ ಅಂದು ಬೀದಿಯಲ್ಲಿ ಎಲ್ಲರಿಗೂ ಕಂಡಿತು. ಕಾಣಿಸಬೇಕೆಂದು ನಿರ್ಧರಿಸಿದವರು ಮಾತ್ರ ಅವರೇ. ನಮ್ಮ ರಾಜ್ಯದ ಗದಗಿನಲ್ಲಿ ಅಂಧರಾದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಂಧ ಮಕ್ಕಳನ್ನು ಸೇರಿಸಿಕೊಂಡು ಸಂಗೀತ ಕಲಿಸಿದರು. ಆ ಮಕ್ಕಳು ಜನರೆದುರು ಕುಳಿತದ್ದು ಹಾರ್ಮೋನಿಯಂ, ತಬಲಾಗಳ ಮುಂದೆ. ಪವಾಡ ಪುರುಷರ ಕಥೆಯನ್ನಾಗಿ ನಾವಿದನ್ನು ಹೇಳುತ್ತಿಲ್ಲ. ಎಲ್ಲ ಅಂಗವಿಕಲರೂ ಸ್ಫೂರ್ತಿ ನೀಡಲೇಬೇಕೆಂದು ಒತ್ತಾಯಿಸುವುದೂ ಪ್ರದರ್ಶನದ ಇನ್ನೊಂದು ರೂಪ. ಸಾಧಾರಣವಾಗಿ ಓದಿ, ಸಾಧಾರಣ ಅಂಗಡಿ ಇಟ್ಟುಕೊಂಡು, ಮದುವೆಯಾಗಿ ಬದುಕುವ ಹಕ್ಕು ಅವರಿಗೂ ಇದೆ.

ಬಸವಕಲ್ಯಾಣ, ಹುಮನಾಬಾದಿನ ಮಸೀದಿ ಸಮಿತಿಗಳ ಮುಂದೆ ನಾವು ಇಡುವ ಕೋರಿಕೆ ದೊಡ್ಡದೇನಲ್ಲ. ಮುಂದಿನ ರಮಝಾನಿಗೆ ಎರಡು ತಿಂಗಳು ಮೊದಲೇ ಇಬ್ಬರು ನಂಬಿಕಸ್ಥರು, ಅವರಲ್ಲಿ ಒಬ್ಬರು ಮಹಿಳೆ, ಮನೆಮನೆಗೆ ಹೋಗಲಿ. ಅಂಗವಿಕಲರೊಂದಿಗೇ ಮಾತನಾಡಲಿ, ಏನು ಬೇಕೆಂದು ಅವರನ್ನೇ ಕೇಳಲಿ. ಆ ಪಟ್ಟಿ ಮಿಂಬರಿನಿಂದ ಓದುವುದಕ್ಕಲ್ಲ, ಗೋಡೆಗೆ ಅಂಟಿಸುವುದಕ್ಕೂ ಅಲ್ಲ. ಝಕಾತ್ ಅವರ ಮನೆಗೆ ಲಕೋಟೆಯಲ್ಲಿ ಹೋಗಲಿ. ಪುರಸಭೆಗಳಲ್ಲಿಯೂ ಗ್ರಾಮ ಪಂಚಾಯಿತಿಗಳಲ್ಲಿಯೂ ಸ್ವತಃ ಅಂಗವಿಕಲರಾದ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅರ್ಜಿಗಳ ಕೆಲಸಕ್ಕೆ ಅವರ ನೆರವು ಪಡೆಯಬಹುದು. ರಿಷ್ತಾ ನೋಡಲು ಹೋಗುವ ತಾಯಂದಿರು ಒಡಹುಟ್ಟಿದವರ ಕೈಕಾಲು ಕಣ್ಣು ಕಿವಿಗಳ ವಿಚಾರಣೆಯನ್ನು ಈ ವರ್ಷದಿಂದಲೇ ನಿಲ್ಲಿಸಲಿ. ಜೂನ್ 2025ರ ಅಧಿಸೂಚನೆಯಂತೆ ಮುಂದಿನ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1. ಗಣತಿದಾರರು ಬಂದಾಗ ಮನೆಯಲ್ಲಿ ಎಷ್ಟು ಮಂದಿ ಇದ್ದಾರೋ ಅಷ್ಟು ಮಂದಿಯ ಹೆಸರನ್ನೂ ಬರೆಸಿ. ಅಂಗವೈಕಲ್ಯದ ಪ್ರಶ್ನೆ ಬಂದರೆ ಒಳಕೋಣೆಯಲ್ಲಿರುವವಳನ್ನು ಕರೆದು, ಉತ್ತರವನ್ನು ಅವಳಿಂದಲೇ ಕೊಡಿಸಿ.